ಓಕುಳಿ ಬಣ್ಣದ ಸೋಂಕು

ನಲವತ್ತು ಮಕ್ಕಳ ಒಂಬತ್ತನೇ ತರಗತಿ. ಎಲ್ಲರ ಕೈಯಲ್ಲೂ ಅರ್ಧ ಲೋಟ ನೀರು. ಒಂದೇ ಒಂದು ಲೋಟದಲ್ಲಿ ಮಾತ್ರ ಟೀಚರು ಗುಟ್ಟಾಗಿ ಸುಣ್ಣದ ತಿಳಿ ಹಾಕಿರುತ್ತಾರೆ; ನೋಡುವುದಕ್ಕೆ ಅದೂ ನೀರೇ. ಮಕ್ಕಳು ಎದ್ದು ಓಡಾಡಿ, ಸಿಕ್ಕವರ ಲೋಟಕ್ಕೆ ತಮ್ಮ ನೀರು ಸುರಿದು, ಅರ್ಧವನ್ನು ವಾಪಸ್ ಪಡೆಯಬೇಕು. ಯಾರ ಜೊತೆ ಬೆರೆಸಿದೆವೆಂದು ಬರೆದಿಟ್ಟುಕೊಳ್ಳಬೇಕು. ಹೀಗೆ ನಾಲ್ಕು ಸುತ್ತು. (ಕುಡಿಯುವಂತಿಲ್ಲ, ಕಣ್ಣಿಗೆ ತಾಗಿಸುವಂತಿಲ್ಲ.) ಕೊನೆಗೆ ಪ್ರತಿ ಲೋಟಕ್ಕೂ ಚಿಟಿಕೆ ಅರಿಸಿನ ಬೀಳುತ್ತದೆ. ಕೆಲವು ಹಳದಿಯಾಗಿಯೇ ಉಳಿದರೆ, ಸುಣ್ಣ ತಾಗಿದವು ಆರತಿಯ ಓಕುಳಿಯಂತೆ ಕೆಂಪೇರುತ್ತವೆ.

ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕನೇ ಸುತ್ತಿಗೆ 16 ಲೋಟಗಳವರೆಗೂ ‘ಸೋಂಕು’ ಹಬ್ಬಿರಬಹುದು. ನಿಜವಾದ ಮಜಾ ಇರುವುದು ಆಮೇಲೆ. ಶುರುವಾದದ್ದು ಯಾರಿಂದ? ಪಟ್ಟಿ ಹಿಡಿದು ಹಿಂದಕ್ಕೆ ಹೋದರೆ ಮೊದಲ ಸುತ್ತಿನ ಜೋಡಿಯವರೆಗೆ ತಲುಪಬಹುದು. ಆ ಇಬ್ಬರಲ್ಲಿ ಯಾರೆಂದು ಅರಿಸಿನವೂ ಹೇಳಲಾರದು.

ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಮಾಡಿದ್ದು ಇದೇ ಬಗೆಯ ಪತ್ತೇದಾರಿ. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂದು ಹೆಚ್ಚಿನವರು ನಂಬಿದ್ದ ಕಾಲದಲ್ಲಿ ಅವರು ಬ್ರಾಡ್ ಸ್ಟ್ರೀಟಿನ ಕೈಪಂಪನ್ನು ಶಂಕಿಸಿದರು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವಿಧವೆಯೊಬ್ಬರು ಸತ್ತದ್ದೇಕೆ? ಆ ಪಂಪಿನ ನೀರಿನ ರುಚಿಗೆ ಮನಸೋತು ದಿನವೂ ಅಲ್ಲಿಂದ ತರಿಸಿಕೊಳ್ಳುತ್ತಿದ್ದರು. ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಉಳಿದದ್ದು ಹೇಗೆ? ಅವರು ಬಿಯರನ್ನೇ ಕುಡಿಯುತ್ತಿದ್ದರು! ಹದಿನೈದರ ಹುಡುಗರು ಈ ಭಾಗ ಮರೆಯುವುದಿಲ್ಲ, ಆದ್ದರಿಂದ ಕಾರ್ಖಾನೆಗೆ ಸ್ವಂತ ಬಾವಿಯೂ ಇತ್ತೆಂದು ತಕ್ಷಣ ಸೇರಿಸುವುದು ಒಳ್ಳೆಯದು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಕಳಚಲಾಯಿತು. ಅಷ್ಟಾದರೂ ಸ್ನೋ ರೋಗಾಣುವನ್ನು ಗುರುತಿಸಿರಲಿಲ್ಲ. ಹಿಡಿದದ್ದು ಅದರ ದಾರಿಯನ್ನು ಮಾತ್ರ.

ದಾರಿ ತಿಳಿಯಿತು, ಆದರೆ ಹೊಟ್ಟೆಯೊಳಗೆ ನಡೆಯುವುದೇನು? ಅದಕ್ಕೆ ಉತ್ತರ ಸಿಕ್ಕಿದ್ದು ಕಲ್ಕತ್ತದಲ್ಲಿ. ಕಾಲರಾ ಬ್ಯಾಕ್ಟೀರಿಯಾ ಸುರಿಸುವ ವಿಷವೇ ನಿಜವಾದ ಅಪರಾಧಿ ಎಂದು ಅಲ್ಲಿನ ವೈದ್ಯ ಶಂಭುನಾಥ ಡೇ ಮೊಲಗಳ ಕರುಳಿನಲ್ಲಿ ಪ್ರಯೋಗ ನಡೆಸಿ 1959ರಲ್ಲಿ ತೋರಿಸಿದರು. ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಿ ಕೂರುತ್ತದೆ, ಒಳಗೆ ನುಗ್ಗುವುದು ಅದರ ವಿಷ. ಆಗ ಜೀವಕೋಶಗಳಿಂದ ಲವಣ ಹೊರಬೀಳುತ್ತದೆ, ಲವಣದ ಹಿಂದೆ ನೀರು. ರೋಗ ತೀವ್ರವಾದರೆ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋದದ್ದುಂಟು, ಅದೂ ಅಕ್ಕಿ ತೊಳೆದ ನೀರಿನಂತೆ. ಪಠ್ಯಪುಸ್ತಕಗಳು ರೋಗದ ಲಕ್ಷಣ ಒಂದು ಕಡೆ, ಹರಡುವ ಬಗೆ ಇನ್ನೊಂದು ಕಡೆ ಎಂದು ಖಾನೆ ಮಾಡುತ್ತವೆ. ಅದೇ ತಪ್ಪು. ಈ ಭೇದಿಯೇ ಬ್ಯಾಕ್ಟೀರಿಯಾಕ್ಕೆ ಮುಂದಿನ ಬಾವಿ ತಲುಪುವ ವಾಹನ. ಕ್ಷಯಕ್ಕೆ ಕೆಮ್ಮು ಇದ್ದ ಹಾಗೆ.

ವಿಷ ಕೆಲಸ ಮಾಡುತ್ತಿರುವಾಗಲೂ ಕರುಳು ಗ್ಲೂಕೋಸಿನ ಜೊತೆ ಉಪ್ಪನ್ನು ಒಳಗೆಳೆದುಕೊಳ್ಳಬಲ್ಲದು, ಉಪ್ಪಿನ ಹಿಂದೆ ನೀರೂ ಬರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕೂ ಕೆಳಗಿಳಿಯಿತು. ಈಗ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಅದರ ವಂಶದ್ದೇ.

ಎಲ್ಲ ರೋಗಕ್ಕೂ ನೀರಿನ ದಾರಿಯೇ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವೈರಸ್ ಬರುವುದು ಕಾಡಿನ ಉಣುಗು ಕಚ್ಚಿದರೆ. ಅದು ಮನುಷ್ಯರಿಂದ ಮನುಷ್ಯರಿಗೆ ಹಬ್ಬುವುದಿಲ್ಲ. ಲೋಟದಾಟ ಅದಕ್ಕೆ ಹೊಂದುವುದೇ ಎಂದು ಮಕ್ಕಳನ್ನೇ ಕೇಳಬಹುದು.

ಆಟ ಆಡಿಸುವ ಶಿಕ್ಷಕರು ಎರಡನೇ ಸಲ ಇಪ್ಪತ್ತು ಮಕ್ಕಳಿಗೆ ಬೆಂಚು ಬಿಟ್ಟು ಏಳಬೇಡಿ, ಯಾರ ಜೊತೆಗೂ ನೀರು ಬೆರೆಸಬೇಡಿ ಎಂದು ಹೇಳಿ, ಕೆಂಪು ಲೋಟಗಳನ್ನು ಮತ್ತೆ ಎಣಿಸಿ ನೋಡಲಿ.