ಟಕ್ ಅಂದರೆ ಕಿಡಿ

ಬೆಳಿಗ್ಗೆ ಎದ್ದು ಗ್ಯಾಸ್ ಒಲೆ ಹಚ್ಚುತ್ತೀರಿ. ಲೈಟರ್ ಒತ್ತುತ್ತೀರಿ. ಟಕ್ ಅನ್ನುತ್ತೆ. ಕಿಡಿ ಹಾರುತ್ತೆ. ಈ ಟಕ್ ಲೈಟರಿಗೆ ಕರೆಂಟಿನ ತಂತಿ ಇಲ್ಲ. ಒಳಗೆ ಸೆಲ್ ಕೂಡ ಇಲ್ಲ. ಮತ್ತೆ ಕಿಡಿ ಎಲ್ಲಿಂದ ಬಂತು?

ನಿಮ್ಮ ಕೈಯಿಂದಲೇ ಬಂತು ಅಕ್ಕಾ! ಲೈಟರ್ ಒಳಗೆ ಪಿಂಗಾಣಿಯಂಥ ಒಂದು ಪುಟ್ಟ ತುಂಡು ಇದೆ. ನೀವು ಒತ್ತಿದಾಗ ಸ್ಪ್ರಿಂಗ್ ಬಿಗಿಯಾಗುತ್ತೆ. ಪುಟ್ಟ ಸುತ್ತಿಗೆ ಆ ತುಂಡಿಗೆ ಬಡಿಯುತ್ತೆ. ಪೆಟ್ಟು ಬಿದ್ದ ತುಂಡಿನಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಹುಟ್ಟುತ್ತೆ. ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರಲ್ಲ.

ಒತ್ತಿದರೆ ವಿದ್ಯುತ್ ಕೊಡುವ ಈ ಗುಣವನ್ನು 1880ರಲ್ಲಿ ಕಂಡುಹಿಡಿದರು. ಫ್ರಾನ್ಸ್ ದೇಶದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣ ತಮ್ಮ. ಪಿಯರ್ ಅವರ ಹೆಂಡತಿಯೇ ಮೇರಿ ಕ್ಯೂರಿ. ಎರಡು ಸಲ ನೊಬೆಲ್ ಬಹುಮಾನ ಪಡೆದ ಹೆಣ್ಣುಮಗಳು.

ಇಲ್ಲಿ ಒಂದು ಮಾತು. ಗ್ಯಾಸ್ ವಾಸನೆ ಬಂದರೆ ಲೈಟರ್ ಒತ್ತಲೇಬೇಡಿ. ಆ ಒಂದು ಕಿಡಿ ಸಾಕು, ಮನೆ ಹೊತ್ತಿಕೊಳ್ಳಲು. ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ. ಬಾಗಿಲು ಕಿಟಕಿ ತೆರೆಯಿರಿ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಹೊರಗೆ ಹೋದ ಮೇಲೆ 1906 ನಂಬರಿಗೆ ಫೋನ್ ಮಾಡಿ.

ವಿದ್ಯುತ್ ಹುಟ್ಟುವ ಇನ್ನೊಂದು ದಾರಿಯೂ ನಿಮಗೆ ಗೊತ್ತು. ಚಳಿಗಾಲದಲ್ಲಿ ಪಾಲಿಯೆಸ್ಟರ್ ಸೀರೆ ಬಿಚ್ಚುವಾಗ ಚಟಚಟ ಅನ್ನುತ್ತೆ. ಮೈ ರೋಮ ನಿಲ್ಲುತ್ತೆ. ಎರಡು ಬೇರೆ ಬೇರೆ ವಸ್ತುಗಳು ತಾಗಿ ಬಿಟ್ಟಾಗ ಹೀಗಾಗುತ್ತೆ.

ಇದನ್ನೇ ಹಿಡಿದು ನಮ್ಮ ಕಡೆಯವರೇ ಕೆಲಸ ಮಾಡಿದ್ದಾರೆ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಹೋದರೆ ದಾಸನಪುರ ಹೋಬಳಿ. ಅಲ್ಲಿನ ಶಿವನಪುರದಲ್ಲಿ ನ್ಯಾನೋ ವಿಜ್ಞಾನದ ಒಂದು ಸರ್ಕಾರಿ ಸಂಸ್ಥೆ ಇದೆ. 1991ರಲ್ಲಿ ಶುರುವಾದದ್ದು. ಮೊದಲು ಜಾಲಹಳ್ಳಿಯಲ್ಲಿತ್ತು. ಅಲ್ಲಿನ ವಿಜ್ಞಾನಿಗಳು ಎರಡು ಬಗೆಯ ಪ್ಲಾಸ್ಟಿಕ್ ತೆಗೆದುಕೊಂಡರು. ಒಂದು, ನೀರಿನ ಬಾಟಲಿ ಮಾಡುವಂಥದ್ದು. ಇನ್ನೊಂದು, ಮೊಬೈಲ್ ಕವರ್ ಮಾಡುವ ಮೆತ್ತನೆಯದು. ಮೆತ್ತನೆಯದನ್ನು ರೇಷ್ಮೆ ಹುಳು ನೂಲು ಬಿಡುವ ಹಾಗೆ ಎಳೆ ಎಳೆಯಾಗಿ ತೆಗೆದರು. ಎಳೆ ಕೂದಲಿಗಿಂತ ಎಷ್ಟೋ ಪಾಲು ಸಣ್ಣ. ಅದನ್ನು ಅಳೆಯುವುದು ನ್ಯಾನೋಮೀಟರ್ ಲೆಕ್ಕದಲ್ಲಿ. ಒಂದು ತಲೆಗೂದಲ ದಪ್ಪವನ್ನು ಸುಮಾರು 80 ಸಾವಿರ ಪಾಲು ಮಾಡಿ. ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್!

ಅಷ್ಟು ಸಣ್ಣ ಎಳೆ ಯಾಕೆ? ಎಳೆ ಸಣ್ಣಗಿದ್ದಷ್ಟೂ ತಾಗುವ ಜಾಗ ಹೆಚ್ಚು. ತಾಗುವ ಜಾಗ ಹೆಚ್ಚಿದರೆ ವಿದ್ಯುತ್ತೂ ಹೆಚ್ಚು. ಕೈಯಿಂದ ಮೆಲ್ಲಗೆ ತಟ್ಟಿದರೆ 11 ಪುಟ್ಟ ಎಲ್‌ಇಡಿ ದೀಪ ಹತ್ತಿದವು. ಇದು 2021ರಲ್ಲಿ ತಿಳಿದುಬಂದ ಸುದ್ದಿ.

ಹಾಗಂತ ಮನೆ ಮೀಟರ್ ಕಿತ್ತುಹಾಕಲು ಆಗಲ್ಲ. ಇದರಿಂದ ಬರುವ ವಿದ್ಯುತ್ ಬಹಳ ಕಮ್ಮಿ. ಮಿಕ್ಸಿ ತಿರುಗಲ್ಲ, ಫ್ಯಾನೂ ತಿರುಗಲ್ಲ. ತಟ್ಟಿದರೆ ಮನೆಗೆಲ್ಲ ಕರೆಂಟ್ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ನಾಡಿ ಬಡಿತ ನೋಡುವ ಪುಟ್ಟ ಪಟ್ಟಿಯಂಥದ್ದಕ್ಕೆ ಸೆಲ್ ಇಲ್ಲದೆ ಇದನ್ನು ಬಳಸಬಹುದೇ ಅಂತ ವಿಜ್ಞಾನಿಗಳು ನೋಡುತ್ತಿದ್ದಾರೆ.

ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿ. ಕಾಗದದ ಚೂರಿನ ಹತ್ತಿರ ಹಿಡಿಯಿರಿ. ಚೂರು ಎದ್ದು ಅಂಟಿಕೊಳ್ಳುತ್ತೆ. ಆದರೆ ತಲೆಗೆ ಎಣ್ಣೆ ಹಚ್ಚಿರಬಾರದು!