ನಾಲ್ಕು ಕೈ, ಎರಡು ಮಕ್ಕಳು: ಊರಿಗೆ ಹೊರಡುವ ಮುನ್ನ ಒಂದು ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಒಂದೇ ಪ್ರಶ್ನೆ, "ಈ ಸಲ ಊರಿಗೆ ಯಾವಾಗ?" ಡೊಂಬಿವಲಿ ಇರಲಿ, ಮೀರಾರೋಡ್ ಇರಲಿ, ನೆರೂಲ್ ಇರಲಿ, ಸಂಘದ ಸಭೆ ಮುಗಿದು ಚಹಾ ಕುಡಿಯುವಾಗ ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಟಿಕೇಟು ಸಿಕ್ಕಿತೇ ಎಂಬುದು ಎರಡನೆಯ ಪ್ರಶ್ನೆ. ಮಕ್ಕಳಿಗೆ ಏನೇನು ತಯಾರಿ ಮಾಡಿಕೊಂಡಿರಿ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಮಾತ್ರ ಕಡಿಮೆ.

ಹೊರಡುವ ಹಿಂದಿನ ರಾತ್ರಿಯ ಚಿತ್ರ ಎಲ್ಲರಿಗೂ ಪರಿಚಿತ. ಪುಟ್ಟ ಮನೆಯ ನಡುವೆ ನಾಲ್ಕು ದೊಡ್ಡ ಚೀಲಗಳು ಬಾಯಿ ತೆರೆದು ಕುಳಿತಿರುತ್ತವೆ. ಒಂದರಲ್ಲಿ ಊರಿನ ಮದುವೆಗಳಿಗೆಂದು ರೇಷ್ಮೆ ಸೀರೆಗಳು. ಇನ್ನೊಂದರಲ್ಲಿ ನಾದಿನಿಯ ಮಕ್ಕಳಿಗೆ ಬಟ್ಟೆ, ನೆರೆಕರೆಯವರಿಗೆ ಹಲ್ವಾ, ಫರ್ಸಾಣ್. ಮೂರನೆಯದರಲ್ಲಿ ಊರಿನ ಮನೆಗೆಂದು ಖರೀದಿಸಿದ ಬೆಡ್‌ಶೀಟು, ಪಾತ್ರೆ. ಮಗುವಿನ ಅಂಗಿಗಳನ್ನು ನಾಲ್ಕನೆಯ ಚೀಲದಲ್ಲಿ ಉಳಿದ ಜಾಗಕ್ಕೆ ತುರುಕಲಾಗುತ್ತದೆ. ಮರುದಿನ ರೈಲು ಪನ್ವೇಲ್ ದಾಟುವಾಗ ಮಗು ವಾಂತಿ ಮಾಡುತ್ತದೆ. ಬದಲಿ ಅಂಗಿ ಎಲ್ಲಿದೆ? ಸೀಟಿನ ಅಡಿಯಲ್ಲಿ, ಮೂರು ಚೀಲಗಳ ಹಿಂದೆ, ನಾಲ್ಕನೆಯದರ ತಳದಲ್ಲಿ!

ಊರಿಗೆ ಹೊರಡುವುದು ಮಕ್ಕಳ ರಜೆಗಾಗಿ. ಆದರೆ ಚೀಲ ತುಂಬುವುದು ನೆಂಟರಿಷ್ಟರ ಕಣ್ಣಿಗಾಗಿ. ಇಡೀ ತೊಂದರೆಯ ಮೂಲ ಇಲ್ಲಿದೆ.

ಕೈಗಳ ಲೆಕ್ಕ

ಕೊಂಕಣ ರೈಲ್ವೆ ಬರುವ ಮುಂಚೆ ಕರಾವಳಿಯವರು ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಮೈಕೈ ನೋಯಿಸಿಕೊಂಡು ಊರು ಸೇರುತ್ತಿದ್ದರು. ರೋಹಾದಿಂದ ತೋಕೂರುವರೆಗಿನ 741 ಕಿ.ಮೀ. ಮಾರ್ಗ 1998ರಲ್ಲಿ ಪೂರ್ತಿಯಾಗಿ ತೆರೆದುಕೊಂಡ ಮೇಲೆ ಪಯಣ ಸುಲಭವಾಯಿತು. ಮಧ್ಯಾಹ್ನ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಉಡುಪಿ. ಪಯಣ ಸುಲಭವಾದಂತೆ ಸಾಮಾನು ಮಾತ್ರ ಹೆಚ್ಚಿತು.

ಸ್ಲೀಪರ್ ಹಾಗೂ ಎ.ಸಿ. ತ್ರೀ ಟಯರ್‌ನಲ್ಲಿ ಒಬ್ಬರಿಗೆ 40 ಕಿಲೋ ಸಾಮಾನು ಉಚಿತವಾಗಿ ಒಯ್ಯಲು ರೈಲ್ವೆ ಅನುಮತಿ ಕೊಡುತ್ತದೆ. ಆದರೆ ಪುಟ್ಟ ಮಕ್ಕಳಿರುವವರು ಹಾಕಬೇಕಾದ ಲೆಕ್ಕ ಕಿಲೋಗಳದ್ದಲ್ಲ, ಕೈಗಳದ್ದು. ಗಂಡ ಹೆಂಡತಿ ಇಬ್ಬರದು ಸೇರಿ ನಾಲ್ಕು ಕೈ. ಇಬ್ಬರು ಮಕ್ಕಳಿದ್ದರೆ ಎರಡು ಕೈ ಅವರಿಗೆ ಜಮಾ. ಉಳಿದದ್ದು ಎರಡು. ಎರಡು ಕೈಗೆ ಎರಡು ಚೀಲ, ಬೆನ್ನಿಗೆ ಒಂದೊಂದು. ಇದಕ್ಕಿಂತ ಹೆಚ್ಚಾದುದೆಲ್ಲ ಸಾಲ. ಆ ಸಾಲ ತೀರಿಸಲು ಜನಜಂಗುಳಿಯಲ್ಲಿ ಮಗುವಿನ ಕೈ ಬಿಡಬೇಕಾಗುತ್ತದೆ.

ಎಷ್ಟೋ ಮನೆಗಳಲ್ಲಿ ಯಜಮಾನರಿಗೆ ರಜೆ ಸಿಗದೆ ತಾಯಿಯೊಬ್ಬಳೇ ಮಕ್ಕಳನ್ನು ಕರೆದುಕೊಂಡು ಮೊದಲು ಹೊರಡುತ್ತಾಳೆ. ಆಗ ಇರುವುದು ಎರಡೇ ಕೈ, ಅವೆರಡೂ ಮಕ್ಕಳಿಗೆ. ಅಂತಹವರು ಬೆನ್ನಚೀಲವೊಂದನ್ನೇ ತಮ್ಮೊಡನೆ ಇಟ್ಟುಕೊಳ್ಳುವುದು ಲೇಸು. ಭಾರದ ಚೀಲವನ್ನು ಊರಿನ ಬಸ್ಸಿನಲ್ಲಿ ಪಾರ್ಸೆಲ್ ಮಾಡಬಹುದು, ಇಲ್ಲವೇ ಆಮೇಲೆ ಬರುವ ಯಜಮಾನರೇ ತರಬಹುದು. ಠಾಣೆ ಅಥವಾ ಪನ್ವೇಲಿನಲ್ಲಿ ಹತ್ತುವವರಿಗೆ ರೈಲು ನಿಲ್ಲುವುದು ಕೆಲವೇ ನಿಮಿಷ ಎಂಬುದೂ ನೆನಪಿರಬೇಕು.

ಚಿನ್ನದ ವಿಷಯ ಬೇರೆಯೇ ಹೇಳಬೇಕು. ಮೇ ತಿಂಗಳ ಮದುವೆಗಳಿಗೆಂದು ಲಾಕರಿನಿಂದ ತೆಗೆದ ಒಡವೆಯ ಡಬ್ಬಿ ಜೊತೆಗಿದ್ದರೆ ತಾಯಿಯ ಕಣ್ಣು ರಾತ್ರಿಯಿಡೀ ಅದರ ಮೇಲೆಯೇ ಇರುತ್ತದೆ. ಆ ಗಮನ ಖರ್ಚಾಗುವುದು ಮಗುವಿನ ಖಾತೆಯಿಂದ. ತೀರಾ ಬೇಕಾದಷ್ಟೇ ಒಯ್ದು, ಉಳಿದುದನ್ನು ಲಾಕರಿನಲ್ಲೇ ಬಿಡುವುದು ಜಾಣತನ.

ಟಿಕೇಟಿನಲ್ಲಿ ಉಳಿತಾಯ ಬೇಡ

2024ರ ನವೆಂಬರ್ 1ರಿಂದ ಮುಂಗಡ ಬುಕ್ಕಿಂಗಿನ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಮೇ 1ಕ್ಕೆ ಹೊರಡುವವರಿಗೆ ಮಾರ್ಚ್ 2ರ ಬೆಳಿಗ್ಗೆ 8 ಗಂಟೆಗೆ ಬುಕ್ಕಿಂಗ್ ತೆರೆಯುತ್ತದೆ. ಅಂದು ಮಕ್ಕಳ ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತರೆ ಆಮೇಲೆ ವೇಟಿಂಗ್ ಲಿಸ್ಟೇ ಗತಿ. ಕನ್‌ಫರ್ಮ್ ಆಗದ ಟಿಕೇಟು ಹಿಡಿದು, ಟಿ.ಸಿ.ಯವರ ಕೈಕಾಲು ಹಿಡಿದರಾಯಿತೆಂಬ ಧೈರ್ಯದಿಂದ ಮಕ್ಕಳೊಂದಿಗೆ ಸ್ಲೀಪರ್ ಬೋಗಿ ಹತ್ತುವುದು ಸರಿಯಲ್ಲ, ಅದಕ್ಕೆ ನಿಯಮದಲ್ಲಿ ಅವಕಾಶವೂ ಇಲ್ಲ.

ಐದು ವರ್ಷ ತುಂಬದ ಮಗುವಿಗೆ ಟಿಕೇಟು ಬೇಡ. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಅರ್ಧ ದರ ಇದೆಯಾದರೂ, 2016ರಿಂದ ಆ ದರಕ್ಕೆ ಬರ್ತ್ ಸಿಗುವುದಿಲ್ಲ. ಬರ್ತ್ ಬೇಕಾದರೆ ಪೂರ್ಣ ದರ ತೆರಬೇಕು. ಆರೇಳು ವರ್ಷದ ಮಗುವಿಗೆ ಅರ್ಧ ಟಿಕೇಟು ಮಾಡಿ, ಒಂದೇ ಬರ್ತಿನಲ್ಲಿ ತಾಯಿ ಮಗು ಇಬ್ಬರೂ ರಾತ್ರಿ ಕಳೆದರೆ ಉಳಿದ ಹಣಕ್ಕಿಂತ ಕಳೆದುಕೊಂಡ ನಿದ್ದೆಯೇ ದುಬಾರಿ. ನಿದ್ದೆಗೆಟ್ಟ ಮಗು ಊರಿನಲ್ಲಿ ಮೊದಲ ಎರಡು ದಿನ ಅಳುತ್ತದೆ, "ಮುಂಬಯಿ ಮಕ್ಕಳು ಹಟಮಾರಿಗಳು" ಎಂಬ ಹೆಸರು ಬೇರೆ ಬರುತ್ತದೆ. ಸಾಧ್ಯವಾದಷ್ಟು ಕೆಳಗಿನ ಬರ್ತನ್ನೇ ಕೇಳಬೇಕು. ಮಗುವನ್ನು ಒಳಬದಿಗೆ ಮಲಗಿಸಿ ದೊಡ್ಡವರು ಹೊರಬದಿಗೆ ಮಲಗಬೇಕು.

ಮಕ್ಕಳದೇ ಒಂದು ಕೈಚೀಲ

ರೈಲಿನಲ್ಲಿ ತೆರೆಯಬೇಕಾದುದು ಒಂದೇ ಚೀಲವಾಗಿರಬೇಕು. ಅದು ಮಕ್ಕಳ ಚೀಲ. ಅದರಲ್ಲಿ ಮಗುವೊಂದಕ್ಕೆ ಎರಡು ಜತೆ ಹತ್ತಿಯ ಬಟ್ಟೆ, ಹಳೆಯ ಸೀರೆಯಿಂದ ಹೊಲಿದ ಒಂದು ಹೊದಿಕೆ, ಒರೆಸಲು ಬಟ್ಟೆ, ಒದ್ದೆ ಬಟ್ಟೆ ತುಂಬಲು ಚೀಲ, ಸಾಬೂನು, ಪುಟ್ಟ ಟಾರ್ಚ್, ಒಂದು ಕಥೆ ಪುಸ್ತಕ, ಬಣ್ಣದ ಪೆನ್ಸಿಲು. ಮೊಬೈಲ್ ಕೊಟ್ಟು ಸುಮ್ಮನಿರಿಸಿದರೆ ರತ್ನಾಗಿರಿ ಬರುವ ಮೊದಲೇ ಚಾರ್ಜ್ ಮುಗಿಯುತ್ತದೆ, ಊರಿನಿಂದ ಕರೆದೊಯ್ಯಲು ಬರುವವರಿಗೆ ಫೋನು ಮಾಡಲು ಏನೂ ಉಳಿಯುವುದಿಲ್ಲ. ಕೊಂಕಣ ಮಾರ್ಗದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ಬೆಳಕಿರುವಷ್ಟು ಹೊತ್ತು ಸುರಂಗ ಎಣಿಸುವ ಆಟ ಆಡಿಸಿದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಮೋಜು ಬೇಕಿಲ್ಲ.

ಊಟಕ್ಕೆ ಚಪಾತಿ, ಒಣ ಪಲ್ಯ, ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು ಸಾಕು. ಸೆಕೆಗೆ ತೆಂಗಿನಕಾಯಿ ಚಟ್ನಿ ಬೇಗ ಹಳಸುತ್ತದೆ. ಎಳೆಯ ಮಕ್ಕಳಿಗೆ ರಾಗಿ ಮಣ್ಣಿಯ ಪುಡಿ ಮತ್ತು ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಆರು ತಿಂಗಳು ತುಂಬದ ಕೂಸಿಗೆ ಎಷ್ಟೇ ಸೆಕೆಯಿದ್ದರೂ ತಾಯಿಯ ಹಾಲೊಂದೇ ಸಾಕು, ನೀರು ಬೇಡ.

ಔಷಧಿಯ ಪೊಟ್ಟಣ ಚಿಕ್ಕದಿರಲಿ, ಪೂರ್ತಿಯಿರಲಿ. ಥರ್ಮಾಮೀಟರ್, ಜ್ವರದ ಔಷಧಿ, ಅದರ ಪ್ರಮಾಣವನ್ನು ಮಗುವಿನ ತೂಕಕ್ಕೆ ಸರಿಯಾಗಿ ವೈದ್ಯರೇ ಬರೆದುಕೊಟ್ಟ ಚೀಟಿ, ಮತ್ತು ಒ.ಆರ್.ಎಸ್. ಪೊಟ್ಟಣಗಳು. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಇದನ್ನು ಕದಡಬೇಕು. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಅಂಗಡಿಯಲ್ಲಿ ಒ.ಆರ್.ಎಸ್. ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳು ಇದಕ್ಕೆ ಸಮವಲ್ಲ. ಅಂತಹವುಗಳ ಮೇಲೆ ಆ ಹೆಸರು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ.

ಮಗುವಿನ ಕಿಸೆಯಲ್ಲಿ ತಂದೆ ತಾಯಿಯ ಮತ್ತು ಊರಿನ ಮನೆಯ ಫೋನ್ ನಂಬ್ರ ಬರೆದ ಚೀಟಿ ಇರಲಿ. ಹೊರಡುವಾಗ ಅಂದಿನ ಬಟ್ಟೆಯಲ್ಲೇ ಮಕ್ಕಳ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ರೈಲಿನಲ್ಲಿ ಏನೇ ತೊಂದರೆಯಾದರೂ 139, ಮಕ್ಕಳ ಸಹಾಯವಾಣಿ 1098. ಈ ಎರಡನ್ನೂ ಮೊದಲೇ ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಗಾಬರಿಯಲ್ಲಿ ಹುಡುಕಬೇಕಾಗಿಲ್ಲ.

ಇಳಿಯುವ ಎರಡು ನಿಮಿಷ

ಎಲ್ಲಕ್ಕಿಂತ ಕಷ್ಟದ ಹೊತ್ತು ಇಳಿಯುವಾಗಿನದು. ಬೈಂದೂರು, ಕುಂದಾಪುರ, ಮೂಲ್ಕಿಯಂತಹ ನಿಲ್ದಾಣಗಳಲ್ಲಿ ಹೆಚ್ಚಿನ ರೈಲುಗಳು ಎರಡು ನಿಮಿಷ ಮಾತ್ರ ನಿಲ್ಲುತ್ತವೆ. ನಸುಕಿನ ಹೊತ್ತು, ಮಕ್ಕಳು ಗಾಢ ನಿದ್ದೆಯಲ್ಲಿ, ದಾರಿಯ ತುಂಬ ಇತರರ ಸಾಮಾನು. ಅರ್ಧ ಗಂಟೆ ಮೊದಲೇ ಅಲಾರಂ ಇಟ್ಟು, ಮಕ್ಕಳನ್ನು ಎಬ್ಬಿಸಿ ಚಪ್ಪಲಿ ಹಾಕಿಸಿ ಸಿದ್ಧವಾಗಿರಬೇಕು. ಮೊದಲು ದೊಡ್ಡವರೊಬ್ಬರು ಇಳಿದು ಮಕ್ಕಳನ್ನು ಎತ್ತಿಕೊಳ್ಳಬೇಕು, ನಂತರ ಚೀಲ. ಚೀಲ ಉಳಿದುಹೋದರೆ 139ಕ್ಕೆ ದೂರು ಕೊಡಬಹುದು. ಅದರ ಆಸೆಗೆ ಚಲಿಸುವ ರೈಲಿಗೆ ಮತ್ತೆ ಹತ್ತುವ ಸಾಹಸ ಬೇಡವೇ ಬೇಡ.

ಊರಿನ ಮನೆಗೂ ಸಿದ್ಧತೆ ಬೇಕು

ಹೊರಡುವ ಒಂದು ವಾರ ಮೊದಲು ಊರಿಗೊಂದು ಫೋನು ಮಾಡಿ ಎರಡು ಸಂಗತಿ ಹೇಳಬೇಕು. ಮೊದಲನೆಯದು ಬಾವಿ. ಫ್ಲಾಟಿನಲ್ಲಿ ಬೆಳೆದ ಮಕ್ಕಳಿಗೆ ನೀರೆಂದರೆ ನಳ್ಳಿ. ಬಾವಿ, ತೋಡು, ಕೆರೆಗಳ ಆಳ ಅವರಿಗೆ ತಿಳಿಯದು. ಬಾವಿಯ ಕಟ್ಟೆ ಗಿಡ್ಡವಾಗಿದ್ದರೆ ಮೇಲೆ ಬಲೆ ಅಥವಾ ಹಲಗೆ ಮುಚ್ಚಿಸಬೇಕು, ಮಕ್ಕಳೊಬ್ಬರೇ ಅತ್ತ ಹೋಗದಂತೆ ಮನೆಮಂದಿ ನೋಡಿಕೊಳ್ಳಬೇಕು. ಮೇ ಕೊನೆಗೆ ಕಡಲೂ ಒರಟಾಗುತ್ತದೆ, ಮಲ್ಪೆಯಿರಲಿ ಮರವಂತೆಯಿರಲಿ ಮಕ್ಕಳನ್ನು ದಡದಲ್ಲೇ ನಿಲ್ಲಿಸುವುದು ಕ್ಷೇಮ.

ಎರಡನೆಯದು ಜೇನು. ಎಳೆಮಗುವಿನ ನಾಲಗೆಗೆ ಜೇನು ನೆಕ್ಕಿಸುವುದು ಹಿರಿಯರ ಪ್ರೀತಿಯ ರೂಢಿ. ಆದರೆ ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು. ಆದುದರಿಂದ ವರ್ಷ ತುಂಬದ ಮಗುವಿಗೆ ಅದು ಬೇಡವೆಂದು ವೈದ್ಯರು ಹೇಳುತ್ತಾರೆ. ಇದನ್ನು ಫೋನಿನಲ್ಲೇ ನಯವಾಗಿ ತಿಳಿಸಿದರೆ ಒಳಿತು. ಮನೆಗೆ ಬಂದ ಮೇಲೆ ಅಜ್ಜಿಯ ಕೈ ತಡೆದರೆ ಅವರ ಮನಸ್ಸಿಗೆ ನೋವಾದೀತು.

ಇನ್ನು ರಜೆಯ ದಿನಗಳ ಹಂಚಿಕೆ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮ ಎಂದು ದಿನಕ್ಕೊಂದು ಕಡೆ ಮಕ್ಕಳಿಗೆ ಜರಿಯ ಅಂಗಿ ತೊಡಿಸಿ ಕರೆದೊಯ್ದರೆ ಅವರಿಗೆ ಊರೆಂದರೆ ಸೆಕೆ ಮತ್ತು ಊಟದ ಸರತಿ ಎಂದಷ್ಟೇ ನೆನಪುಳಿಯುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅದರೊಂದಿಗೆ ನೇಮ, ಆಟಗಳ ಕಾಲ ಮುಗಿಯುತ್ತದೆ. ಶಾಲೆ ತೆರೆಯುವುದು ಜೂನ್ ಮಧ್ಯಕ್ಕಾದರೆ ಪತ್ತನಾಜೆಯ ನಂತರದ ಒಂದು ವಾರವನ್ನಾದರೂ ಯಾವ ಆಮಂತ್ರಣ ಪತ್ರಿಕೆಗೂ ಕೊಡದೆ ಮಕ್ಕಳಿಗೆ ಬಿಟ್ಟುಕೊಡಬಹುದು. ಅಂಗಳ, ಕರು, ಹಲಸಿನ ಮರ, ಮೊದಲ ಮಳೆ. ಹಿಂದಿರುಗುವ ಚೀಲಕ್ಕೆ ಮಾತ್ರ ರೈನ್‌ಕೋಟು ಸೇರಿಸಿಕೊಳ್ಳಬೇಕು. ಜೂನ್ ತಿಂಗಳಲ್ಲಿ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದು ಸಮಯ ಬದಲಾಗುವುದರಿಂದ ಟಿಕೇಟಿನ ಹೊತ್ತನ್ನು ಇನ್ನೊಮ್ಮೆ ಪರಿಶೀಲಿಸಬೇಕು.

ಭಾರವಿಲ್ಲದ ಗಂಟು

ಯಾವ ಚೀಲದಲ್ಲೂ ಜಾಗ ಹಿಡಿಯದ ಒಂದು ಗಂಟು ಇದೆ. ಅದು ಮಾತು. ಮುಂಬಯಿಯ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಕೆಳಗೆ ಆಡುವಾಗ ಹಿಂದಿ, ಮರಾಠಿ ಆಡುತ್ತಾರೆ. ಊರಿನಲ್ಲಿ ವರ್ಷವಿಡೀ ಕಾಯುವ ಅಜ್ಜಿಗೆ ತುಳುವೋ ಕುಂದಾಪುರ ಕನ್ನಡವೋ ಬಿಟ್ಟರೆ ಬೇರೆ ಬಾರದು. ಒಂದು ತಿಂಗಳ ರಜೆಯಲ್ಲಿ ಅಜ್ಜಿ ಮೊಮ್ಮಕ್ಕಳ ನಡುವೆ ತಾಯಿ ದುಭಾಷಿಯಾಗಿ ನಿಲ್ಲಬೇಕಾದರೆ ಆ ರಜೆಯ ಅರ್ಧ ಫಲ ಅಲ್ಲೇ ಕಳೆಯಿತು. ಮಾರ್ಚ್ ತಿಂಗಳಿನಿಂದಲೇ ವಾರಕ್ಕೆ ಎರಡು ದಿನ ಮಕ್ಕಳ ಕೈಯಲ್ಲೇ ಊರಿಗೆ ಫೋನು ಮಾಡಿಸಬೇಕು. "ಎಂಚ ಉಲ್ಲರ್?", "ವಣಸ್ ಆಂಡಾ?" ಇಷ್ಟೇ ಕಲಿತರೂ ಅಂಗಳದಲ್ಲಿ ಕಾಲಿಟ್ಟ ದಿನ ಸಂಕೋಚ ಕಳೆಯುತ್ತದೆ.

ಈ ಕೆಲಸದಲ್ಲಿ ಸಂಘ ಸಂಸ್ಥೆಗಳೂ ಕೈ ಜೋಡಿಸಬಹುದು. ಮಾರ್ಚ್ ತಿಂಗಳ ಒಂದು ಭಾನುವಾರ ಮಹಿಳಾ ವಿಭಾಗದವರು ಸಮಾಜದ ಮಕ್ಕಳ ವೈದ್ಯರೊಬ್ಬರನ್ನು ಕರೆಸಿ ಒಂದು ಗಂಟೆ ಮಾತನಾಡಿಸಬಹುದು. ಚಿಕ್ಕದಾದ ರೈನ್‌ಕೋಟು, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲ, ಫ್ಲಾಸ್ಕುಗಳನ್ನು ಸದಸ್ಯರು ಪರಸ್ಪರ ಎರವಲು ಕೊಡಬಹುದು. ಒಂದೇ ರೈಲಿನಲ್ಲಿ ಹೊರಡುವವರ ಪಟ್ಟಿ ಮಾಡಿದರೆ, ಮಕ್ಕಳೊಡನೆ ಒಬ್ಬಳೇ ಹೊರಟ ತಾಯಿಗೆ ಅದೇ ಬೋಗಿಯಲ್ಲೋ ಪಕ್ಕದ ಬೋಗಿಯಲ್ಲೋ ಇನ್ನೆರಡು ಕೈ ಸಿಕ್ಕಂತಾಗುತ್ತದೆ. ಇದಕ್ಕೆ ದೇಣಿಗೆ ಬೇಕಿಲ್ಲ, ಸಭಾಂಗಣದ ಬಾಡಿಗೆ ಬೇಕಿಲ್ಲ.

ಚೀಲ ಒಂದು ಕಡಿಮೆಯಾಯಿತೆಂದು ಊರಿನ ಮನೆಯಲ್ಲಿ ಯಾರೂ ಮುಖ ಸಣ್ಣ ಮಾಡುವುದಿಲ್ಲ. ಇಂದ್ರಾಳಿಯಲ್ಲಿ ಇಳಿದು, ರಿಕ್ಷಾ ಹಿಡಿದು, ದಣಪೆ ದಾಟಿ ಅಂಗಳಕ್ಕೆ ಬಂದಾಗ ಜಗಲಿಯಿಂದ ಎದ್ದು ಬರುವ ಅಜ್ಜಿ ಮೊದಲು ಕೈ ಚಾಚುವುದು ಮೊಮ್ಮಕ್ಕಳ ಕಡೆಗೆ.