ಮೆಣಸಿನಕಾಯಿ ಬಿಡಿಸುವ ಕೈಗೆ ಎಂಥ ಗ್ಲೌಸ್?

ಡಿಸೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ ಶುರುವಾದರೆ ಬೇಸಿಗೆ ತಲೆ ಎತ್ತುವವರೆಗೂ ನಡೆಯುತ್ತದೆ. ತುಂಗಭದ್ರಾ ಕಾಲುವೆ ಹರಿದ ಮೇಲೆ ಈ ಎರೆನೆಲ ಭತ್ತ, ಹತ್ತಿಯ ಜೊತೆಗೆ ಮೆಣಸಿನಕಾಯಿಗೂ ಒಲಿಯಿತು. ಇಲ್ಲಿಂದ ಬ್ಯಾಡಗಿ ಮಾರುಕಟ್ಟೆಗೆ ಲಾರಿಗಟ್ಟಲೆ ಮಾಲು ಹೋಗುತ್ತದೆ. ಬಿಡಿಸುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸೀರೆಯ ಮೇಲೊಂದು ಹಳೇ ಅಂಗಿ, ತಲೆಗೊಂದು ಟವೆಲ್ ಇರುತ್ತದೆ, ಕೈ ಮಾತ್ರ ಬರಿದು. ಗ್ಲೌಸ್ ಕೊಟ್ಟ ಕಡೆಯೂ ಕೈಗೆ ಸಿಕ್ಕಿದ್ದನ್ನು ಕೊಟ್ಟು ಮುಗಿಸುವುದುಂಟು. ಯಾವ ಕೆಲಸಕ್ಕೆ ಯಾವ ಗ್ಲೌಸ್ ಎಂದು ನೋಡದೆ ಕೊಟ್ಟರೆ ಉಪಯೋಗವಿಲ್ಲ. ಔಷಧಿ ಹೊಡೆಯುವಾಗಲಂತೂ ತಪ್ಪು ಗ್ಲೌಸ್ ಬರಿಗೈಗಿಂತ ಹೆಚ್ಚು ಕೇಡು ಮಾಡಬಲ್ಲದು.

ಮೊದಲು ಉರಿಯ ವಿಚಾರ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಹುಟ್ಟುವುದು ಬೀಜದಲ್ಲಲ್ಲ, ಬೀಜ ಹಿಡಿದುಕೊಂಡಿರುವ ಬಿಳಿ ತಿರುಳಿನಲ್ಲಿ. ಹಾಗಾಗಿ ಗಟ್ಟಿ ಕಾಯಿ ಬಿಡಿಸುವಾಗ ಕೈಗೆ ಹತ್ತುವುದು ಕಡಿಮೆ; ಒಡೆದ ಕಾಯಿ, ಕೊಳೆತ ಕಾಯಿ ಮುಟ್ಟಿದಾಗ, ಕಣದಲ್ಲಿ ಒಣಗಿದ ಕಾಯಿಯ ತೊಟ್ಟು ಮುರಿಯುವಾಗ ಹೆಚ್ಚು. ನಮ್ಮ ನರಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಗುರುತಿಸುವ ಗ್ರಾಹಕವೇ ಕ್ಯಾಪ್ಸೈಸಿನ್‌ಗೂ ಕೆರಳುತ್ತದೆ ಎಂದು ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಆ ದಾರಿಯ ಸಂಶೋಧನೆಗೆ 2021ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಬಂತು. ಖಾರ ಹತ್ತಿದ ಚರ್ಮದಲ್ಲಿ ಈ ಗ್ರಾಹಕ ಇನ್ನೂ ಕಡಿಮೆ ಬಿಸಿಗೇ ಕೆರಳುತ್ತದೆ. ಚಳಿಗಾಲದ ಮೋಸ ಇರುವುದು ಇಲ್ಲೇ. ಬೆಳಗಿನ ತಂಪಿನಲ್ಲಿ ಬೆರಳಿಗೆ ಉರಿ ಗೊತ್ತಾಗುವುದಿಲ್ಲ. ಸಂಜೆ ಮನೆಗೆ ಬಂದು ಬಿಸಿನೀರಿಗೆ ಕೈಯಿಟ್ಟರೆ ಜೀವ ಹೋದಂತಾಗುತ್ತದೆ. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮೊದಲು ಅಡುಗೆ ಎಣ್ಣೆ ತಿಕ್ಕಿ ಒರೆಸಿ, ಆಮೇಲೆ ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯುವುದೇ ಸರಿಯಾದ ಕ್ರಮ.

ಬಿಡಿಸುವ ಕೆಲಸಕ್ಕೆ ಗ್ಲೌಸ್ ಹುಡುಕುವವರ ಮೊದಲ ತೊಡಕು ಬೆರಳತುದಿಯ ಸ್ಪರ್ಶ. ಚಳಿ ದೇಶಗಳಲ್ಲಿ ಬಂದೂಕು ಹಿಡಿಯುವವರಿಗೂ ಇದೇ ತೊಡಕು: ದಪ್ಪ ಗ್ಲೌಸ್ ಹಾಕಿದರೆ ಕುದುರೆ ಎಳೆಯುವ ಬೆರಳಿಗೆ ಅಂದಾಜು ಸಿಗುವುದಿಲ್ಲ. ಅವರು ಆ ಒಂದು ಬೆರಳಿನ ತುದಿಯನ್ನು ತೆಳ್ಳಗೆ ಮಾಡಿಕೊಂಡೋ ತೆರೆದುಕೊಂಡೋ ಪಾರಾಗುತ್ತಾರೆ. ಮೆಣಸಿನಕಾಯಿ ಹೊಲದಲ್ಲಿ ಆ ಉಪಾಯ ನಡೆಯದು, ಖಾರ ಹತ್ತುವ ಜಾಗವೇ ಬೆರಳತುದಿ. ಇಲ್ಲಿ ಮುಚ್ಚಬೇಕಾದದ್ದು ಬೆರಳು ಮತ್ತು ಅಂಗೈ. ಗಾಳಿಯಾಡಲು ಬಿಡಬಹುದಾದದ್ದು ಮುಂಗೈಯ ಹಿಂಬದಿ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ, ಹೆಣೆದ ನೂಲಿನ ಮೇಲೆ ಅಂಗೈ ಕಡೆಗೆ ತೆಳ್ಳಗೆ ನೈಟ್ರೈಲ್ ಎಂಬ ಕೃತಕ ರಬ್ಬರು ಲೇಪಿಸಿದ ಗ್ಲೌಸ್ ಇದಕ್ಕೆ ಹತ್ತಿರ ಹೊಂದುತ್ತದೆ. ಬರೀ ನೂಲಿನದು ಬೇಡ. ಇಬ್ಬನಿ ಕುಡಿದು ತೊಯ್ದ ಬಟ್ಟೆ ಖಾರವನ್ನೂ ಎಲೆಯ ಮೇಲೆ ಉಳಿದ ಔಷಧಿಯನ್ನೂ ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಬಳಸುವ ತೆಳು ಲೇಟೆಕ್ಸ್ ಗ್ಲೌಸ್ ರೆಂಬೆಗೆ ಸಿಕ್ಕಿ ಬೇಗ ಹರಿಯುತ್ತದೆ, ಕೆಲವರ ಮೈಗೆ ಲೇಟೆಕ್ಸೇ ಆಗಿಬರುವುದಿಲ್ಲ. ಅಳತೆಯೂ ಮುಖ್ಯ. ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಟೇಪು ಹಿಡಿದರೆ ಎಷ್ಟು ಇಂಚು ಬರುತ್ತದೋ ಹೆಚ್ಚುಕಡಿಮೆ ಅದೇ ಗ್ಲೌಸಿನ ನಂಬರು. 7 ಬೇಕಾದ ಕೈಗೆ 10ರದ್ದು ಹಾಕಿದರೆ ಯಾರಿಗೂ ಕೆಲಸ ಸಾಗುವುದಿಲ್ಲ.

ಇದೇ ಗ್ಲೌಸ್ ಹಾಕಿಕೊಂಡು ಔಷಧಿ ಹೊಡೆಯಲು ಹೋಗಬಾರದು. ಹಿಂಬದಿ ನೂಲು ಔಷಧಿ ಹೀರಿಕೊಳ್ಳುತ್ತದೆ, ಮುಚ್ಚಿದ ಬಿಸಿ ಚರ್ಮ ಅದನ್ನು ಇನ್ನೂ ಬೇಗ ಒಳಗೆಳೆದುಕೊಳ್ಳುತ್ತದೆ. 2021-22ರಲ್ಲಿ ಕಪ್ಪು ಥ್ರಿಪ್ಸ್ ನುಸಿ ಬಂದು ಗಿಡದ ಹೂ ಉದುರಿಸಿದ ಮೇಲಂತೂ ಪಂಪು ಹೆಗಲಿಗೇರುವುದು ಹೆಚ್ಚಾಯಿತು. ಹೊಡೆಯುವುದಕ್ಕಿಂತ ಅಪಾಯದ ಗಳಿಗೆ ಬಾಟಲಿ ಬಿಚ್ಚಿ ಬೆರೆಸುವುದು, ಆಗ ಕೈಗೆ ತಾಗುವುದು ನೀರು ಸೇರದ ಔಷಧಿ. ಅನೇಕ ಔಷಧಿಗಳಲ್ಲಿ ಪೆಟ್ರೋಲಿಯಂ ದ್ರಾವಕವಿರುತ್ತದೆ. ಅದು ತಾಗಿದರೆ ಸಾಮಾನ್ಯ ರಬ್ಬರು ಉಬ್ಬಿ ಸಡಿಲವಾಗುತ್ತದೆ. ಆದ್ದರಿಂದ ಬೇಕಾದದ್ದು ಒಳಗೆ ಬಟ್ಟೆಯ ಅಸ್ತರಿಲ್ಲದ, ಕನಿಷ್ಠ 0.35 ಮಿಲಿಮೀಟರ್ ದಪ್ಪದ ಪೂರ್ತಿ ನೈಟ್ರೈಲ್ ಗ್ಲೌಸ್. ಮೆಣಸಿನ ಗಿಡ ಸೊಂಟದ ಕೆಳಗಿರುವುದರಿಂದ ಅಂಗಿಯ ತೋಳು ಗ್ಲೌಸಿನ ಮೇಲೆ ಬರಬೇಕು, ಆಗ ಹನಿ ಒಳಗಿಳಿಯದೆ ಹೊರಗೆ ಜಾರುತ್ತದೆ. ಬಿಚ್ಚುವ ಮೊದಲೇ ಸೋಪಿನಲ್ಲಿ ಗ್ಲೌಸ್ ತೊಳೆಯಬೇಕು. 1971ರ ಕೀಟನಾಶಕ ನಿಯಮಗಳು ಮಣಿಕಟ್ಟಿಗೂ ಮೊಣಕೈಗೂ ನಡುವಿನ ಅರ್ಧದವರೆಗೆ ಬರುವ, ದ್ರವ ಒಳಹೋಗದ ಗ್ಲೌಸನ್ನೇ ಹೇಳುತ್ತವೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದ ರೈತರು, ಕೂಲಿಕಾರರು 20ಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ನೆನೆದರೆ ಆ ನಿಯಮವನ್ನು ಕಾಗದದ ಮಾತೆಂದು ತಳ್ಳಿಹಾಕಲಾಗದು.

ಅವ್ವ, ಅಜ್ಜಿ ಬರಿಗೈಯಲ್ಲೇ ಬಿಡಿಸಲಿಲ್ಲವೇ ಎನ್ನುವವರಿದ್ದಾರೆ. ಬಿಡಿಸಿದರು, ಉರಿಯನ್ನೂ ನುಂಗಿಕೊಂಡರು. ಅವರ ಕಾಲದ ಗಿಡ ಇಷ್ಟೊಂದು ಸಲ ಔಷಧಿ ಕುಡಿದಿರಲಿಲ್ಲ. ಗ್ಲೌಸ್ ಹಾಕಿದರೆ ಕೈ ನಿಧಾನ ಎಂಬ ದೂರು ಹೆಚ್ಚು ಗಟ್ಟಿ. ತೂಕಕ್ಕೆ ಕೂಲಿ ಕೊಡುವ ಕಡೆ ನಿಧಾನವಾದ ಕೈಗೆ ಕೂಲಿಯೇ ಕಡಿಮೆ. ಅದಕ್ಕೆ ಉತ್ತರ ಅಳತೆ ಸರಿಯಾದ ತೆಳು ಲೇಪದ ಗ್ಲೌಸು, ಮತ್ತು ಅದು ರೂಢಿಯಾಗುವವರೆಗೆ ದಿನಗೂಲಿ. ಬೆವರುತ್ತದೆ ಎಂಬುದೂ ನಿಜ. ಆದರೆ ಜನವರಿಯ ಬೆಳಗು ಏಪ್ರಿಲ್‌ನ ಮಧ್ಯಾಹ್ನವಲ್ಲ. ಬಳ್ಳಾರಿಯ ಬಿಸಿಲಲ್ಲಿ ಗ್ಲೌಸ್ ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು. ಖರ್ಚಿನ ಮಾತು ಮಾತ್ರ ನಿಲ್ಲುವುದಿಲ್ಲ. ಬೀಜ, ಗೊಬ್ಬರ, ಔಷಧಿಗೆ ಅಷ್ಟೊಂದು ದುಡ್ಡು ಹಾಕುವ ಬೆಳೆಯಲ್ಲಿ ಗ್ಲೌಸಿನ ಬೆಲೆ ಲೆಕ್ಕಕ್ಕೇ ಬಾರದು, ಮತ್ತು ಆ ಬೆಲೆ ಕೂಲಿಯವಳ ಸೆರಗಿನ ಗಂಟಿನಿಂದ ಹೊರಡಬಾರದು.

ಹಾಗಾಗಿ ಕೆಲಸಕ್ಕೆ ಆಳು ಕರೆಯುವ ರೈತರಲ್ಲಿ ಕೇಳುವುದಿಷ್ಟು: ಔಷಧಿ ಕೊಳ್ಳುವ ದಿನವೇ ಎರಡು ಬಗೆಯ ಗ್ಲೌಸನ್ನೂ ಕೊಳ್ಳಿ, ಬಿಡಿಸಲು ಒಂದು, ಹೊಡೆಯಲು ಒಂದು. ಔಷಧಿ ಹೊಡೆದ ಮೇಲೆ ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಳೆಯದೆ ಯಾರನ್ನೂ ಬಿಡಿಸಲು ಹೊಲಕ್ಕೆ ಇಳಿಸಬೇಡಿ. ರೈತ ಸಂಪರ್ಕ ಕೇಂದ್ರಗಳು ಹೆಣ್ಣುಮಕ್ಕಳ ಕೈಯಳತೆಯ 7, 8ನೇ ನಂಬರಿನ ಗ್ಲೌಸುಗಳನ್ನು ಈ ಹಂಗಾಮಿನಿಂದಲೇ ತರಿಸಿಡಲಿ.